ಗೊತ್ತಿಲ್ಲ ಅಂದಾಗ ಯಾರಿಗೆ ಫೋನ್ ಮಾಡ್ತೀರಿ?

ಪ್ರಶ್ನೆ: ಮೇಡಂ ನಮಸ್ತೆ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಎಕ್ಸಿಕ್ಯೂಟಿವ್ ಆಗಿದೀನಿ, ಎಂಎಸ್‌ಡಬ್ಲ್ಯೂ ಮುಗಿಸಿ ಆರು ವರ್ಷ ಆಯ್ತು. 800 ಜನ ವರ್ಕರ್ಸು, ಎಚ್‌ಆರ್ ಅಂತ ಇಲ್ಲಿರೋದು ನಾನೊಬ್ಳೇ, ಜೊತೆಗೆ ಟೈಮ್ ಆಫೀಸ್ ಹುಡುಗ ಒಬ್ಬ, ಮ್ಯಾನೇಜರ್ ಇರೋದು ಬೆಂಗಳೂರಲ್ಲಿ. ಕಾಲೇಜ್ ಫ್ರೆಂಡ್ ಒಬ್ಳು ಎಚ್‌ಆರ್‌ನವರ ಸಂಘಕ್ಕೆ ಮೆಂಬರ್ ಆಗು ಆಗು ಅಂತ ಒಂದು ವರ್ಷದಿಂದ ಹೇಳ್ತಿದಾಳೆ. ನಮ್ಮೆಜಮಾನ್ರು "ದುಡ್ಡು ಕಟ್ಟಿ ಸರ್ಟಿಫಿಕೇಟ್ ಗೋಡೆಗೆ ನೇತುಹಾಕೋಕಾ" ಅಂತಾರೆ. ಮ್ಯಾನೇಜರ್ರು "ಅಲ್ಲಿಗೆ ಹೋಗೋರೆಲ್ಲ ಬೇರೆ ಕೆಲಸ ಹುಡ್ಕೋಕೆ ಹೋಗೋದು" ಅಂತಾರೆ. ಎರಡು ಮಕ್ಕಳು ಇನ್ನೂ ಚಿಕ್ಕವು, ಇರೋ ರಜ ಭಾನುವಾರ ಒಂದೇ. ನಿಜವಾಗ್ಲೂ ಇದ್ರಿಂದ ಏನಾದ್ರೂ ಪ್ರಯೋಜನ ಇದ್ಯಾ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತಿದ್ದು ಫೀಸಿನ ವಿಷಯದ ಮೇಲಲ್ಲ, "ನಾನೊಬ್ಳೇ" ಅನ್ನೋ ಮಾತಿನ ಮೇಲೆ. ಅಕೌಂಟ್ಸ್‌ನವರಿಗೆ ಡೌಟ್ ಬಂದ್ರೆ ಆಡಿಟರ್ ಇದಾರೆ, ಮೆಷಿನ್ ಕೆಟ್ರೆ ಮೆಕ್ಯಾನಿಕ್ ಬರ್ತಾನೆ, ಲೈನ್ ಸೂಪರ್‌ವೈಸರ್‌ಗೆ ಪಕ್ಕದ ಲೈನಲ್ಲೇ ಇನ್ನೊಬ್ಬ ಸೂಪರ್‌ವೈಸರ್ ಇರ್ತಾನೆ. ಎಚ್‌ಆರ್ ರೂಮಿಗೆ ಎಲ್ಲರೂ ಕೇಳ್ಕೊಂಡು ಬರ್ತಾರೆ, ಆ ರೂಮಲ್ಲಿ ಕೂತೋಳು ಯಾರನ್ನ ಕೇಳ್ಬೇಕು? ಇಪ್ಪತ್ತೇಳು ವರ್ಷ ಆ ಕುರ್ಚಿಯಲ್ಲಿ ಕೂತು ಬಂದಿದೀನಿ, ಸಂಘದ ಬೆಲೆ ನನಗೆ ಅರ್ಥ ಆಗಿದ್ದು ಈ ಒಂದು ಪ್ರಶ್ನೆಯಿಂದಲೇ.

ಒಂದು ದಿನದ ಕಥೆ ಹೇಳ್ತೀನಿ. 2016ರ ಫೆಬ್ರವರಿಯಲ್ಲಿ ಪಿಎಫ್ ನಿಯಮ ಬದಲಾಯ್ತು, ಕೆಲಸ ಬಿಟ್ಟವರು ತಾವು ಕಟ್ಟಿದ ಪಾಲು ಮಾತ್ರ ತಗೋಬಹುದು, ಕಂಪನಿ ಕಟ್ಟಿದ ಪಾಲು 58 ವರ್ಷ ಆಗೋವರ್ಗೂ ಸಿಗಲ್ಲ ಅಂತ. ಏಪ್ರಿಲ್ 18, 19ಕ್ಕೆ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದ್ರು, ಟಿವಿಯಲ್ಲಿ ಬರೀ ಅದೇ. ನಾನಾಗ ಇಲ್ಲೇ ಹಾಸನದ ಒಂದು ಫ್ಯಾಕ್ಟರಿಯಲ್ಲಿದ್ದೆ. 19ರ ಬೆಳಗ್ಗೆ ಆಲೂರು ಕಡೆಯಿಂದ ಬಸ್ಸಲ್ಲಿ ಬರ್ತಿದ್ದ ಒಬ್ಬ ಟೈಲರ್ ಹೆಂಗಸು ಮೆಷಿನ್ ಹತ್ರ ಹೋಗದೆ ಸೀದಾ ನನ್ನ ರೂಮಿಗೆ ಬಂದ್ಲು, ಹಿಂದೆ ಮೂವತ್ತು ನಲವತ್ತು ಜನ. "ಮೇಡಂ, ನಮ್ ದುಡ್ಡು 58 ಆಗೋವರ್ಗೂ ಕೊಡಲ್ವಂತೆ, ಮುಂದಿನ ತಿಂಗಳು ಮಗಳ ಮದ್ವೆ ಇದೆ, ನಾನೇನ್ ಮಾಡ್ಲಿ" ಅಂದ್ಲು. ನನಗೆ ಉತ್ತರ ಗೊತ್ತಿರ್ಲಿಲ್ಲ. ಹೆಡ್ಡಾಫೀಸಿನವರು ಫೋನ್ ಎತ್ತಲಿಲ್ಲ, ಅವರಿಗೂ ಅವತ್ತು ಅಲ್ಲಿ ಬೆಂಕಿ ಬಿದ್ದಂಗಾಗಿತ್ತು.

ಆಗ ನಾನು ಫೋನ್ ಮಾಡಿದ್ದು ಸಂಘದ ಮೀಟಿಂಗಲ್ಲಿ ಪರಿಚಯ ಆಗಿದ್ದ ಒಬ್ಬ ಹಿರಿಯರಿಗೆ. ಬೇರೆ ಕಂಪನಿ, ಬೇರೆ ಊರು, ನನಗೆ ಏನೂ ಸಂಬಂಧ ಇಲ್ಲದವರು. ಹತ್ತು ನಿಮಿಷ ಕೂತು ಹೇಳಿದ್ರು, ಆ ನೋಟಿಫಿಕೇಷನ್‌ನಲ್ಲಿ ಏನಿದೆ, ಏನಿಲ್ಲ, ಯಾರ ದುಡ್ಡೂ ಎಲ್ಲೂ ಹೋಗಿಲ್ಲ, ಕೆಲಸದಲ್ಲಿದ್ದುಕೊಂಡೇ ಮಕ್ಕಳ ಮದುವೆಗೆ ಅಡ್ವಾನ್ಸ್ ತಗೊಳೋಕೆ ದಾರಿ ಇದ್ದೇ ಇದೆ, 7 ವರ್ಷ ಸದಸ್ಯತ್ವ ಆಗಿದ್ರೆ ತನ್ನ ಪಾಲಿನ ಅರ್ಧ ಸಿಗುತ್ತೆ ಅಂತ (ಇದು ಆಗಿನ ನಿಯಮ, ಈಗಿನದನ್ನ ನೋಡ್ಕೊಂಡೇ ಹೇಳಿ). ಆ ಹೆಂಗಸಿಗೆ 9 ವರ್ಷ ಆಗಿತ್ತು. ಕ್ಯಾಂಟೀನಲ್ಲಿ ಎಲ್ಲರನ್ನೂ ಕೂರಿಸಿ ಕನ್ನಡದಲ್ಲಿ ಬಿಡಿಸಿ ಹೇಳಿದೆ, ಅವತ್ತೇ ಅವಳ ಅಡ್ವಾನ್ಸ್ ಅರ್ಜಿ ಬರೆಸಿದೆ. ಏಪ್ರಿಲ್ 19ಕ್ಕೆ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಳ್ತು, ಅದು ಬೇರೆ ಮಾತು. ಆದ್ರೆ ಬೆಳಗ್ಗೆ ಎಂಟೂವರೆಗೆ ನನ್ನ ಬಾಗಿಲಲ್ಲಿ ನಿಂತಿದ್ದ ನಲವತ್ತು ಜನಕ್ಕೆ ಸಂಜೆವರೆಗೂ ಕಾಯೋ ತಾಳ್ಮೆ ಎಲ್ಲಿಂದ ಬರ್ಬೇಕಿತ್ತು?

ಈಗ ನಿಮ್ಮೆಜಮಾನ್ರ ಮಾತಿಗೆ ಬರ್ತೀನಿ. ಅವರು ಹೇಳಿದ್ದು ತಪ್ಪಲ್ಲ. ಬರೀ ಫೀಸ್ ಕಟ್ಟಿದ್ರೆ ಅದು ಗೋಡೆ ಮೇಲಿನ ಸರ್ಟಿಫಿಕೇಟೇ. ನಾನು ಮೊದಲ ಮೂರು ವರ್ಷ ಹಂಗೇ ಇದ್ದೆ, ದುಡ್ಡು ಕಟ್ಟೋದು, ಮ್ಯಾಗಜಿನ್ ಬಂದ್ರೆ ಕವರ್ ಕೂಡ ಹರೀದೆ ಕಪಾಟಲ್ಲಿ ಇಡೋದು. ಆಮೇಲೆ ಒಂದು ಸಲ ಕಾನ್ಫರೆನ್ಸ್‌ಗೆ ಜನ ಕಮ್ಮಿ ಇದಾರೆ ಅಂತ ನನ್ನನ್ನ ರಿಜಿಸ್ಟ್ರೇಷನ್ ಟೇಬಲ್‌ಗೆ ಕೂರಿಸಿದ್ರು. ಬಂದೋರ ಹೆಸರು ಬರ್ಕೊಂಡು ಬ್ಯಾಡ್ಜ್ ಕೊಡೋ ಕೆಲಸ, ಅಷ್ಟೇ. ಸಂಜೆ ಹೊತ್ತಿಗೆ ನೂರಾರು ಜನರ ಮುಖ ನನಗೆ ಗೊತ್ತು, ಅವರಿಗೆ ನನ್ನ ಮುಖ ಗೊತ್ತು. ಆ ಹಿರಿಯರು ಪರಿಚಯ ಆಗಿದ್ದೂ ಅಲ್ಲೇ, ಬೇಗ ಬಂದು ಟೇಬಲ್ ಹತ್ರ ನಿಂತು ಹಾಸನದಲ್ಲಿ ಲೇಬರ್ ಹೇಗಿದೆ ಏನ್ ಕಥೆ ಅಂತೆಲ್ಲ ಕೇಳಿದ್ರು. ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂತು ಊಟ ಮಾಡ್ಕೊಂಡು ಎದ್ದು ಬಂದಿದ್ರೆ 2016ರಲ್ಲಿ ನಾನು ಯಾರಿಗೆ ಫೋನ್ ಮಾಡ್ತಿದ್ದೆ? ಅದಕ್ಕೇ ಹೇಳೋದು, ಸೇರೋದಾದ್ರೆ ಏನಾದ್ರೂ ಒಂದು ಕೆಲಸ ಮೈಮೇಲೆ ಹಾಕ್ಕೊಳೋಕೆ ರೆಡಿ ಇದ್ದು ಸೇರಿ, ಇಲ್ಲಾಂದ್ರೆ ಆ ದುಡ್ಡಲ್ಲಿ ಮಕ್ಕಳಿಗೆ ಬಟ್ಟೆ ತಗೊಳ್ಳಿ, ಬೇಜಾರಿಲ್ಲ.

ಮ್ಯಾನೇಜರ್ ಹೇಳಿದ್ದೂ ಅಷ್ಟಿಷ್ಟು ನಿಜಾನೇ, ಕೆಲಸ ಹುಡ್ಕೋಕೆ ಬರೋರು ಇರ್ತಾರೆ, ಅದೇನು ಪಾಪ ಅಲ್ಲ. ಆದ್ರೆ ಕಂಪನಿಗೂ ಇದ್ರಲ್ಲಿ ಎಷ್ಟು ಲಾಭ ಇದೆ ಅನ್ನೋದು ಅವರಿಗೆ ಕಾಣ್ತಿಲ್ಲ. ಒಂದೇ ಉದಾಹರಣೆ ಕೊಡ್ತೀನಿ. 800 ಜನ ಅಂತ ಬರ್ದಿದೀರಿ, ಆದ್ರೆ ಕಾರ್ಮಿಕರ ಯೋಗಕ್ಷೇಮ ನೋಡ್ಕೊಳೋ ವೆಲ್‌ಫೇರ್ ಆಫೀಸರ್ ಅನ್ನೋ ಹೆಸರೇ ನಿಮ್ಮ ಕಾಗದದಲ್ಲಿ ಇಲ್ಲ. 1948ರ ಫ್ಯಾಕ್ಟರೀಸ್ ಆಕ್ಟ್ 49ನೇ ಸೆಕ್ಷನ್ ಪ್ರಕಾರವೇ 500 ಜನ ಇದ್ರೆ ವೆಲ್‌ಫೇರ್ ಆಫೀಸರ್ ಬೇಕಿತ್ತು, 2025ರಲ್ಲಿ ಜಾರಿಗೆ ಬಂದ ಹೊಸ ಲೇಬರ್ ಕೋಡ್‌ನಲ್ಲಿ ಅದು 250ಕ್ಕೆ ಇಳಿದಿದೆ. ನಿಮ್ಮನ್ನೇ ಆ ಹುದ್ದೆಗೆ ತೋರಿಸಿದಾರಾ, ಬೇರೆ ಯಾರ ಹೆಸರಾದ್ರೂ ಇದ್ಯಾ, ನಾಳೇನೇ ವಿಚಾರಿಸಿ. ನಾಲ್ಕು ಜನ ಎಚ್‌ಆರ್‌ನವರು ಕೂತು ಮಾತಾಡೋ ಜಾಗದಲ್ಲಿ ಇಂಥದ್ದು ಚಹಾ ಕುಡಿಯೋ ಹೊತ್ತಲ್ಲೇ ಹೊರಗೆ ಬರುತ್ತೆ, ಇನ್ಸ್‌ಪೆಕ್ಷನ್ ದಿನ ಗೊತ್ತಾಗೋದಕ್ಕಿಂತ ಅದು ಎಷ್ಟೋ ವಾಸಿ.

ಅದೂ ಅಲ್ದೆ ಈಗಿನ ಕಾಲ ನೋಡಿ. 2025ರ ನವೆಂಬರ್ 21ಕ್ಕೆ ನಾಲ್ಕು ಲೇಬರ್ ಕೋಡ್ ಜಾರಿಗೆ ಬಂದವು, 29 ಹಳೇ ಕಾಯ್ದೆಗಳನ್ನ ಅದ್ರೊಳಗೆ ಸೇರಿಸಿದಾರೆ. ಬೇಸಿಕ್ ಕಮ್ಮಿ ಇಟ್ಟು ಅಲವೆನ್ಸ್ ಜಾಸ್ತಿ ತೋರಿಸೋ ಆಟ ಇನ್ನು ನಡೆಯಲ್ಲ, ಅಲವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದ್ರೆ ದಾಟಿದ್ದಷ್ಟೂ ವೇತನಕ್ಕೇ ಸೇರುತ್ತೆ. ಫಿಕ್ಸೆಡ್ ಟರ್ಮ್ ಮೇಲೆ, ಅಂದ್ರೆ ಇಷ್ಟು ಕಾಲ ಅಂತ ಒಪ್ಪಂದ ಮಾಡಿ ತಗೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಅಪಾಯಿಂಟ್‌ಮೆಂಟ್ ಲೆಟರ್ ಎಲ್ಲರಿಗೂ ಕೊಡ್ಲೇಬೇಕು. ಓದ್ಕೊಂಡು ಅರ್ಥ ಮಾಡ್ಕೋಬಹುದು, ಸರಿ, ಆದ್ರೆ ನಿಮ್ಮ ಪೇರೋಲ್ ಶೀಟಲ್ಲಿ ಅದನ್ನ ಕೂರಿಸೋವಾಗ ಬರೋ ನೂರು ತೊಡಕಿಗೆ ಪುಸ್ತಕ ಉತ್ತರ ಕೊಡಲ್ಲ, ಹೋದ ತಿಂಗಳು ಅದೇ ತೊಡಕು ಬಿಡಿಸ್ಕೊಂಡ ಇನ್ನೊಬ್ಬ ಎಚ್‌ಆರ್ ಕೊಡ್ತಾನೆ.

ಅಷ್ಟಕ್ಕೂ ಈ ಸಂಘಗಳು ಹುಟ್ಟಿದ್ದೇ ನಿಮ್ಮಂಥ ಒಂಟಿ ಜನರಿಂದ. ಇಂಗ್ಲೆಂಡಿನಲ್ಲಿ ಇವತ್ತು ಸಿಐಪಿಡಿ ಅಂತ ದೊಡ್ಡದಾಗಿ ನಿಂತಿರೋದು 1913ರಲ್ಲಿ ಫ್ಯಾಕ್ಟರಿಗಳ ವೆಲ್‌ಫೇರ್ ವರ್ಕರ್‌ಗಳು ಸೇರಿ ಕಟ್ಟಿಕೊಂಡಿದ್ದು, ಆ ಕಾಲಕ್ಕೆ ಆ ಕೆಲಸದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ನಮ್ಮ ದೇಶದಲ್ಲಿ ಕೋಲ್ಕತ್ತಾದಲ್ಲಿ 1948ರಲ್ಲಿ ಒಂದು ಸಂಸ್ಥೆ, ಮುಂಬೈಯಲ್ಲಿ 1950ರಲ್ಲಿ ಇನ್ನೊಂದು, ಎರಡೂ 1980ರಲ್ಲಿ ಒಂದಾಗಿ ಎನ್‌ಐಪಿಎಂ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಪರ್ಸನಲ್ ಮ್ಯಾನೇಜ್‌ಮೆಂಟ್) ಆಯ್ತು. 1948 ಅಂದ್ರೆ ಫ್ಯಾಕ್ಟರೀಸ್ ಆಕ್ಟ್ ಬಂದ ವರ್ಷಾನೇ, ಗಮನಿಸಿ. ಎಚ್‌ಆರ್‌ನವರದೇ ಇನ್ನೊಂದು ಸಂಘ ಎನ್‌ಎಚ್‌ಆರ್‌ಡಿ ನೆಟ್‌ವರ್ಕ್ 1985ರಲ್ಲಿ ಶುರುವಾಗಿದ್ದು. ಫ್ಯಾಕ್ಟರಿ, ಲೇಬರ್ ಲಾ, ಯೂನಿಯನ್ ಇಂಥ ಕೆಲಸ ನಿಮ್ದಾಗಿರೋದ್ರಿಂದ ನಾನಾದ್ರೆ ಮೊದಲು ಎನ್‌ಐಪಿಎಂ ಕರ್ನಾಟಕ ಚಾಪ್ಟರ್ ಕಡೆ ನೋಡ್ತೀನಿ, ಅದು ಬೆಂಗಳೂರಲ್ಲಿದೆ. ಫೀಸ್ ಎಷ್ಟು, ಯಾವ ದರ್ಜೆ ಸದಸ್ಯತ್ವ ಅಂತ ಅವರನ್ನೇ ಕೇಳಿ. ಕಂಪನಿಗೆ ಒಂದು ಲೆಟರ್ ಹಾಕಿ ಫೀಸ್ ನೀವೇ ಕೊಡಿ ಅಂತಾನೂ ಕೇಳಿ, ಹೋಗಿ ಬಂದ ಪ್ರತಿ ಮೀಟಿಂಗಿಗೂ ಒಂದು ಪುಟದ ನೋಟ್ ಬರ್ದು ಮ್ಯಾನೇಜರ್‌ಗೆ ಕಳಿಸ್ತೀನಿ ಅಂತ ಅದ್ರಲ್ಲೇ ಬರೀರಿ. ನಾನು ಹಂಗೇ ಮಾಡಿದ್ದು, ಲೆಟರ್ ಹಾಕಿದ ಎರಡನೇ ವರ್ಷದಿಂದ ಕಂಪನಿಯವರೇ ಕಟ್ಟಿದ್ರು.

ಭಾನುವಾರದ ವಿಷಯ. ಚಿಕ್ಕ ಮಕ್ಕಳನ್ನ ಬಿಟ್ಟು ತಿಂಗಳು ತಿಂಗಳು ಬೆಂಗಳೂರಿಗೆ ಹೋಗಿ ಅಂತ ನಾನು ಯಾವತ್ತೂ ಹೇಳಲ್ಲ. ಹೋಗಿ ಬರೋಕೇ 360 ಕಿಲೋಮೀಟರ್ ಹತ್ರ ಆಗುತ್ತೆ, ದಿನವೇ ಮುಗೀತು. ವರ್ಷಕ್ಕೆ ಎರಡು ಸಲ ಹೋಗಿ, ಉಳಿದದ್ದು ಆನ್‌ಲೈನಲ್ಲಿ ಸಿಕ್ಕಿದ್ದನ್ನ ಕೇಳಿ. ಆದ್ರೆ ಅದಕ್ಕಿಂತ ದೊಡ್ಡ ಕೆಲಸ ಇಲ್ಲೇ ಇದೆ. ನಿಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲೇ ಎಷ್ಟು ಫ್ಯಾಕ್ಟರಿ ಇದಾವೆ, ಆಸ್ಪತ್ರೆಗಳು, ಕಾಲೇಜುಗಳು, ಅಲ್ಲೆಲ್ಲ ನಿಮ್ಮ ಹಂಗೇ ಒಬ್ಬೊಬ್ರೇ ಕೂತಿದಾರೆ. ಆರು ಜನ ಸಿಕ್ಕಿದ್ರೂ ಸಾಕು. ಎರಡು ತಿಂಗಳಿಗೊಮ್ಮೆ ಕೆಲಸ ಮುಗಿದ ಮೇಲೆ ಬಿಎಂ ರಸ್ತೆಯ ಯಾವುದಾದ್ರೂ ಹೋಟ್ಲಲ್ಲಿ ಕಾಫಿಗೆ ಸೇರಿ, ಒಂದು ಸಲಕ್ಕೆ ಒಂದೇ ವಿಷಯ. ಪಿಎಫ್‌ನವರು ಪ್ರತಿ ತಿಂಗಳು 27ರ ಸುಮಾರಿಗೆ ಜಿಲ್ಲೆಗಳಲ್ಲಿ ನಿಧಿ ಆಪ್ಕೇ ನಿಕಟ್ ಅಂತ ಕ್ಯಾಂಪ್ ಮಾಡ್ತಾರೆ, ಅಲ್ಲಿಗೆ ಒಬ್ಬೊಬ್ರೇ ಹೋಗೋ ಬದಲು ಆರು ಜನ ಪ್ರಶ್ನೆ ಬರ್ಕೊಂಡು ಒಟ್ಟಿಗೆ ಹೋಗಿ, ಉತ್ತರ ಸಿಗೋ ರೀತಿನೇ ಬೇರೆ ಇರುತ್ತೆ.

ಆ ಆರು ಜನ ಇನ್ನೊಂದಕ್ಕೂ ಬೇಕಾಗ್ತಾರೆ. ಬಹಳ ಹಿಂದೆ ಒಬ್ಬ ಹೆಲ್ಪರ್ ಮೇಲೆ ಕಳ್ಳತನದ ಆರೋಪ ಬಂತು, ಚಾರ್ಜ್‌ಶೀಟ್‌ಗೆ ಸಹಿ ಹಾಕಿದ್ದೂ ನಾನೇ, ಡೊಮೆಸ್ಟಿಕ್ ಎನ್‌ಕ್ವೈರಿಯಲ್ಲಿ (ಕಂಪನಿ ಒಳಗೇ ನಡೆಯೋ ವಿಚಾರಣೆ) ಎನ್‌ಕ್ವೈರಿ ಆಫೀಸರ್ ಆಗಿ ಕೂತಿದ್ದೂ ನಾನೇ, ಬೇರೆ ಯಾರೂ ಇಲ್ವಲ್ಲ ಅಂತ. ಆರೋಪ ಹೊರಿಸಿದವರೇ ನ್ಯಾಯ ಹೇಳೋಕೆ ಕೂತ್ರೆ ಅದು ವಿಚಾರಣೆನೇ ಅಲ್ಲ ಅಂತ ಕೇಸು ಕೋರ್ಟಿಗೆ ಹೋದಾಗ ಬಿದ್ದೋಯ್ತು. ಕಂಪನಿಗಾದ ಖರ್ಚಿಗಿಂತ ಆ ಹುಡುಗ ಅಷ್ಟು ದಿನ ಸಂಬಳ ಇಲ್ದೆ ಅಲೆದ ಅನ್ನೋದು ನನಗೆ ಇವತ್ತಿಗೂ ಚುಚ್ಚುತ್ತೆ. ಆಮೇಲಿಂದ ನಮ್ಮ ಗುಂಪಿನವರೇ ಒಬ್ಬರ ಫ್ಯಾಕ್ಟರಿ ಎನ್‌ಕ್ವೈರಿಗೆ ಇನ್ನೊಬ್ರು ಹೋಗ್ತಿದ್ವಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಪಾಶ್ ಕಾಯ್ದೆ ಪ್ರಕಾರ 10 ಜನ ಇರೋ ಕಡೆಯೆಲ್ಲ ಒಳ ಸಮಿತಿ ಬೇಕು, ಅದಕ್ಕೆ ಹೊರಗಿನ ಒಬ್ಬ ಸದಸ್ಯರು ಬೇಕು, ನಮ್ಮಂಥ ಊರಲ್ಲಿ ಆ ವಿಷಯ ತಿಳಿದೋರು ಸಿಗೋದೇ ಕಷ್ಟ, ಅದೂ ಇಂಥ ಪರಿಚಯದಿಂದಲೇ ಸಿಗೋದು.

ಪ್ರಶ್ನೆ: ಸಕಲೇಶಪುರ ಹತ್ರ ಕಾಫಿ ಎಸ್ಟೇಟಲ್ಲಿ 14 ವರ್ಷದಿಂದ ರೈಟ್ರು. ಹಾಜರಿ, ಬಟವಾಡೆ, ಲೈನ್ ಮನೆ ರಿಪೇರಿ, ಅಸ್ಸಾಂ ಕಡೆಯಿಂದ ಜನ ಬಂದ್ರೆ ಅವರ ಆಧಾರ್ ಇಸ್ಕೊಳೋದು ಎಲ್ಲ ನಂದೇ. ಓದಿರೋದು ಪಿಯುಸಿ. ನಮ್ಮಂಥೋರನ್ನ ಈ ಎಚ್‌ಆರ್ ಸಂಘಕ್ಕೆಲ್ಲ ಸೇರಿಸ್ಕೋತಾರಾ ಮೇಡಂ?
– ಓದುಗ, ಸಕಲೇಶಪುರ

ಉತ್ತರ: ನೀವು ಮಾಡ್ತಿರೋದೆಲ್ಲ ಎಚ್‌ಆರ್ ಕೆಲಸಾನೇ ಕಣ್ರೀ, ಹೆಸರು ಬೇರೆ ಅಷ್ಟೇ. ನಾನೂ ಕೆಲಸ ಶುರು ಮಾಡಿದ್ದು ಎಸ್ಟೇಟಲ್ಲೇ. 1951ರ ಪ್ಲಾಂಟೇಷನ್ಸ್ ಲೇಬರ್ ಆಕ್ಟ್‌ನಲ್ಲಿ 300 ಜನ ಇರೋ ತೋಟಕ್ಕೆ ವೆಲ್‌ಫೇರ್ ಆಫೀಸರ್ ಇರ್ಬೇಕು ಅಂತಿತ್ತು, ಆ ಹುದ್ದೆಗೆ ಬಂದೆ. ಮೊದಲ ವರ್ಷ ನನಗೆ ಕೆಲಸ ಕಲಿಸಿದ್ದು ಆ ತೋಟದ ರೈಟ್ರು. ಯಾವ ಲೈನಲ್ಲಿ ಯಾರಿಗೆ ಹುಷಾರಿಲ್ಲ, ಯಾರ ಮಗು ಸ್ಕೂಲ್ ಬಿಟ್ಟಿದೆ, ಎಲ್ಲ ಅವರ ಬಾಯಲ್ಲೇ ಇರ್ತಿತ್ತು, ರಿಜಿಸ್ಟರ್ ತೆಗೆಯೋದೇ ಬೇಡ.

ಎಚ್‌ಆರ್ ಸಂಘಗಳ ಸದಸ್ಯತ್ವಕ್ಕೆ ಓದು, ಅನುಭವ ಅಂತ ಅವರದೇ ನಿಯಮಗಳಿರ್ತವೆ, ಕೇಳಿ ನೋಡಿ. ಆದ್ರೆ ನಿಮಗೆ ಹತ್ರದ ದಾರಿ ಬೆಳೆಗಾರರ ಸಂಘಗಳದ್ದು. ಹಾಸನ ಜಿಲ್ಲಾ ಪ್ಲಾಂಟರ್ಸ್ ಅಸೋಸಿಯೇಷನ್ ಇದೆ, 1958ರ ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ ಇದೆ, ಇಡೀ ದಕ್ಷಿಣ ಭಾರತಕ್ಕೆ ಅಂತ ಕೂನೂರಲ್ಲಿರೋ ಉಪಾಸಿ 1893ರಿಂದ ಇದೆ. ಇವೆಲ್ಲ ಮಾಲೀಕರ ಸಂಘಗಳು, ನೀವು ಮೆಂಬರ್ ಆಗೋಕಾಗಲ್ಲ, ಸರಿ. ಆದ್ರೆ ನಿಮ್ಮ ಮಾಲೀಕರು ಮೆಂಬರ್ ಆಗಿದ್ರೆ ಲೇಬರ್ ಕಾನೂನಿನ ಸಭೆ ಏನಾದ್ರೂ ಇದ್ದಾಗ "ಸಾರ್, ನನ್ನನ್ನೂ ಕಳಿಸಿ, ಬರೋ ಪೇಪರೆಲ್ಲ ತುಂಬೋದು ನಾನೇ ಅಲ್ವಾ" ಅಂತ ಬಾಯ್ಬಿಟ್ಟು ಕೇಳಿ. ಈಗಂತೂ ತೋಟದ ಕಾಯ್ದೆನೂ ಹೊಸ ಕೋಡ್ ಒಳಗೆ ಹೋಗಿದೆ, ಮಾಲೀಕರಿಗೂ ತಿಳಿದೋನು ಒಬ್ಬ ಬೇಕಾಗಿದೆ.

ಆಮೇಲೆ ಸುತ್ತಮುತ್ತ ತೋಟದ ರೈಟ್ರುಗಳು ಸಂತೆ ದಿನ ಹೆಂಗೂ ಸಿಕ್ತೀರಿ. ಹೊರ ರಾಜ್ಯದವರನ್ನ ಇ-ಶ್ರಮ್‌ನಲ್ಲಿ (ಅಸಂಘಟಿತ ಕಾರ್ಮಿಕರ ಸರ್ಕಾರಿ ಪೋರ್ಟಲ್) ನೋಂದಾಯಿಸೋದು ಹೇಗೆ, ಅವರ ಊರಿನ ರೇಷನ್ ಕಾರ್ಡಲ್ಲಿ ಇಲ್ಲಿ ಅಕ್ಕಿ ತಗೊಳೋದು ಹೇಗೆ, ಕೊಯ್ಲು ಮುಗಿಸಿ ಊರಿಗೆ ಹೋಗೋವಾಗ ಲೆಕ್ಕ ಚುಕ್ತಾ ಮಾಡಿ ಸಹಿ ತಗೊಳೋದು ಯಾವ ಭಾಷೆಯಲ್ಲಿ, ಇದೆಲ್ಲ ಒಂದು ತೋಟದವರು ಕಲ್ತಿರ್ತಾರೆ, ಪಕ್ಕದ ತೋಟದವರು ಒದ್ದಾಡ್ತಿರ್ತಾರೆ. ಇದನ್ನ ಒಬ್ರಿಗೊಬ್ರು ಹೇಳ್ಕೊಂಡ್ರೆ ಅದೇ ನಿಮ್ಮ ಸಂಘ, ಬೋರ್ಡು ರಸೀದಿ ಪುಸ್ತಕ ಏನೂ ಬೇಡ.

ಪ್ರಶ್ನೆ: ಚಿಕ್ಕಮಗಳೂರಿನ ಒಂದು ರೆಸಾರ್ಟಿನ ಎಚ್‌ಆರ್. ಬೇರೆ ಹೋಟೆಲ್‌ಗಳ ಎಚ್‌ಆರ್‌ಗಳ ಜೊತೆ ಆಗಾಗ ಸೇರ್ತೀವಿ. ಹೋದ ಸಲ ಒಬ್ರು "ರೂಮ್ ಬಾಯ್‌ಗಳಿಗೆ ಎಲ್ಲರೂ ಒಂದೇ ಸಂಬಳ ಫಿಕ್ಸ್ ಮಾಡೋಣ, ಒಬ್ಬರ ಹುಡುಗರನ್ನ ಇನ್ನೊಬ್ರು ತಗೊಳೋದು ಬೇಡ" ಅಂದ್ರು. ಕಸಿವಿಸಿ ಆಯ್ತು. ಕಂಪನಿ ವಿಷಯ ಹೊರಗಡೆ ಎಷ್ಟು ಮಾತಾಡಬಹುದು?
– ಓದುಗರು, ಚಿಕ್ಕಮಗಳೂರು

ಉತ್ತರ: ನಿಮಗೆ ಕಸಿವಿಸಿ ಆಗಿದ್ದು ಸರಿಯಾಗೇ ಇದೆ. ಆ ಮಾತು ಮತ್ತೆ ಬಂದ್ರೆ ನನಗೆ ಒಪ್ಪಿಗೆ ಇಲ್ಲ ಅಂತ ಅಲ್ಲೇ ಹೇಳಿ, ಕೇಳದಿದ್ರೆ ಎದ್ದು ಬನ್ನಿ. ಐನೂರು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಪಕ್ಕದ ರೆಸಾರ್ಟಿಗೆ ಹೋಗೋದು ಆ ಹುಡುಗನ ಕೈಲಿರೋ ಒಂದೇ ಒಂದು ಶಕ್ತಿ, ಅದನ್ನ ನಾವು ಹತ್ತು ಜನ ಕಾಫಿ ಕುಡೀತಾ ಕಿತ್ಕೊಳೋದು ದೊಡ್ಡ ಅನ್ಯಾಯ. ಎಚ್‌ಆರ್‌ನವರ ಗುಂಪು ಇರೋದು ಕೆಲಸ ಕಲಿಯೋಕೆ.

ಉಳಿದಂತೆ ನನ್ನ ಲೆಕ್ಕ ಹೀಗೆ: ಸಮಸ್ಯೆ ಹೇಳಿ, ಮನುಷ್ಯನ ಹೆಸರು ಹೇಳ್ಬೇಡಿ. ನೈಟ್ ಶಿಫ್ಟ್ ರೋಸ್ಟರ್ ಹೇಗೆ ಮಾಡ್ತೀರಿ, ಸೀಸನ್ ಮುಗಿದ ಮೇಲೆ ಟೆಂಪರರಿ ಹುಡುಗರನ್ನ ಏನ್ ಮಾಡ್ತೀರಿ, ಸ್ಟಾಫ್ ಕ್ವಾರ್ಟರ್ಸ್ ಜಗಳ ಹೇಗೆ ಬಗೆಹರಿಸ್ತೀರಿ, ಇದನ್ನೆಲ್ಲ ಎಷ್ಟು ಬೇಕಾದ್ರೂ ಮಾತಾಡಿ. ಲೈಂಗಿಕ ಕಿರುಕುಳದ ದೂರು ಮಾತ್ರ ಹೆಸರು ಬಿಟ್ಟು ಹೇಳಿದ್ರೂ ಚಿಕ್ಕ ಊರಲ್ಲಿ ಯಾರು ಅಂತ ಗೊತ್ತಾಗಿಬಿಡುತ್ತೆ. ದೂರು ಕೊಟ್ಟೋರು, ಆರೋಪಿ, ಸಾಕ್ಷಿ ಯಾರ ಗುರುತನ್ನೂ ಹೊರಗೆ ಬಿಡಬಾರದು ಅಂತ 2013ರ ಪಾಶ್ ಕಾಯ್ದೆಯ 16ನೇ ಸೆಕ್ಷನ್‌ನಲ್ಲೇ ಇದೆ. ಅಂಥ ಕೇಸಲ್ಲಿ ಸಲಹೆ ಬೇಕಿದ್ರೆ ನಿಮ್ಮ ಸಮಿತಿಯ ಹೊರಗಿನ ಸದಸ್ಯರ ಹತ್ರವೇ ಮಾತಾಡಿ, ಗುಂಪಲ್ಲಿ ಬೇಡವೇ ಬೇಡ.

ಪ್ರಶ್ನೆ: ಹಾಸನದಲ್ಲಿ ಎಂಬಿಎ ಎಚ್‌ಆರ್ ಎರಡನೇ ವರ್ಷ. ಈಗ್ಲೇ ಸಂಘಕ್ಕೆ ಸೇರೋದಾ, ಕೆಲಸ ಸಿಕ್ಕ ಮೇಲಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಸ್ಟೂಡೆಂಟ್ ಸದಸ್ಯತ್ವ ಇರೋ ಕಡೆ ಈಗ್ಲೇ ಸೇರಿ, ಸಾಮಾನ್ಯವಾಗಿ ಫೀಸೂ ಕಮ್ಮಿ ಇರುತ್ತೆ. ಟ್ರೈನಿಂಗ್ ಕಡೆ ಮನಸ್ಸಿದ್ರೆ 1970ರಲ್ಲಿ ಶುರುವಾದ ಐಎಸ್‌ಟಿಡಿ ಅಂತ ದೆಹಲಿಯದ್ದೊಂದು ಸಂಸ್ಥೆ ಇದೆ, ಅವರ ಡಿಪ್ಲೊಮಾನ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ತಗೊಂಡ್ರೆ ಚೆನ್ನಾಗಿ ತಲೆಗೆ ಹತ್ತುತ್ತೆ. ಕೆಲಸ ಕೊಡಿಸ್ತಾರೆ ಅಂತ ಕಾಯ್ಕೊಂಡು ಹೋಗ್ಬೇಡಿ. ನಿಮ್ಮ ಪ್ರಾಜೆಕ್ಟಿಗೆ ಯಾವ ಫ್ಯಾಕ್ಟರಿಗೆ ಹೋಗಿದ್ರೋ ಅಲ್ಲಿನ ಎಚ್‌ಆರ್‌ನ ಮೊದಲು ಕೇಳಿ, ಅವರು ಹೋಗೋ ಮೀಟಿಂಗಿಗೆ ಜೊತೇಲಿ ಕರ್ಕೊಂಡು ಹೋಗ್ತಾರಾ ಅಂತ. ಹೋದ್ಮೇಲೆ ಹಿಂದಿನ ಸಾಲಲ್ಲಿ ಫ್ರೆಂಡ್ಸ್ ಜೊತೆ ಕೂರ್ಬೇಡಿ, ಅರ್ಧ ಗಂಟೆ ಮುಂಚೆ ಹೋಗಿ ರಿಜಿಸ್ಟ್ರೇಷನ್ ಟೇಬಲ್ ಹತ್ರ ನಿಂತು "ನನಗೇನಾದ್ರೂ ಕೆಲಸ ಇದ್ರೆ ಕೊಡಿ" ಅಂತ ಕೇಳಿ.